ಪಿ-ನಾಲ್ಕು ಮತ್ತು ಹಿತ್ತಾಳೆ ಬಿಲ್ಲೆ

ನವನಗರ, ಬಾಗಲಕೋಟೆ
ಪಂಚಮಿಯ ಮರುದಿನ

ಚಿ. ಅಕ್ಕವ್ವನಿಗೆ ಕಾಕಾ ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಸಕ್ಕರೆ, ಕಾಕಿಯ ಮೊಣಕಾಲು, ಅಟ್ಟದ ಮೇಲಿನ ಇಲಿ, ಎಲ್ಲದರ ಸುದ್ದಿಯನ್ನೂ ನಿನ್ನ ಅವ್ವ ಫೋನಿನಲ್ಲಿ ಮುಟ್ಟಿಸಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ.

ನಿನ್ನ ಕಾಗದ ಬಂದು ಒಂಬತ್ತು ದಿನ ಆಯಿತು. ವಾಟ್ಸಾಪ್ ಬಿಟ್ಟು ಕಾಗದ ಬರೆದಿದ್ದೀಯ ಅಂದಾಗಲೇ ಏನೋ ಇದೆ ಅನ್ನಿಸಿತ್ತು. ಆರು ಪುಟ. ನಿನ್ನ ರೂಮು, ನಿನ್ನ ಗೈಡು, ಫೋನಿನ ರೊಕ್ಕದ ಆ್ಯಪಿನಲ್ಲಿ ಮಂದಿ ಎಲ್ಲಿ ಎಡವುತ್ತಾರೆ ಅನ್ನುವ ನಿನ್ನ ಪೇಪರು, ಅದರ ಗಡುವು, ಬೀಳಗಿ ತಾಲೂಕಿನ ಹಳ್ಳಿಗಳ ತಿರುಗಾಟ, ಎಲ್ಲ ಓದಿದೆ. ನಾಲ್ಕನೇ ಪುಟದ ಕೆಳಗೆ ಮೂರು ಸಾಲು ಇದ್ದವು. ಅಲ್ಲಿ ನಿಂತುಬಿಟ್ಟೆ.

"ಪಿ-ನಾಲ್ಕು ಕೂಡ ಅದೇ ಜಾಗದಲ್ಲಿ ತಪ್ಪಿದರು. ನನಗೆ ಒಳಗೊಳಗೇ ಖುಷಿ ಆಯಿತು ಕಾಕಾ. ರಾತ್ರಿ ಮಲಗಿದ ಮೇಲೆ ಆ ಖುಷಿ ನೆನೆದು ಹೆದರಿಕೆ ಬಂತು. ನಾನು ಕಲ್ಲಾಗುತ್ತಿದ್ದೇನಾ?"

ಐದನೇ ಪುಟದಲ್ಲಿ ಮಳೆಯ ಸುದ್ದಿ ಶುರು ಮಾಡಿದ್ದೀಯ. ನಾನು ಮಾತ್ರ ನಾಲ್ಕನೇ ಪುಟದಲ್ಲೇ ಇದ್ದೇನೆ.

ಈ ಉತ್ತರವನ್ನು ಎರಡು ಸಲ ಬರೆದು ಹರಿದೆ. ಮೊದಲ ಸಲ "ಹುಚ್ಚಿ, ನೀನು ಕಲ್ಲಾಗುವುದುಂಟಾ" ಅಂತ ಬರೆದಿದ್ದೆ. ಅದು ಸುಳ್ಳು. ಯಾರು ಬೇಕಾದರೂ ಆಗಬಹುದು. ನಾನು ಆಗಿದ್ದೆ. ಎರಡನೇ ಸಲ ಬರೆದದ್ದು ಓದಿ ನೋಡಿದರೆ ಮಠದಲ್ಲಿ ಪ್ರವಚನ ಹೇಳಿದ ಹಾಗಿತ್ತು. ನಿನಗೆ ಅದು ಬೇಡ, ನನಗೂ ಬರುವುದಿಲ್ಲ. ಇದು ಮೂರನೆಯದು. ಹೇಗೆ ಬರುತ್ತದೋ ಹಾಗೆ.

ನೀನು ಬರೆದದ್ದನ್ನೇ ನಿನಗೆ ಒಮ್ಮೆ ಹೇಳುತ್ತೇನೆ. ನನಗೆ ಸರಿಯಾಗಿ ತಿಳಿದಿದೆಯೋ ಇಲ್ಲವೋ ನೋಡು. ಪಿ-ನಾಲ್ಕು ಅಂದರೆ ನಿನ್ನ ಪಟ್ಟಿಯ ನಾಲ್ಕನೆಯವಳು. ಆ ಅಮ್ಮನ ಕೈಯಲ್ಲಿ ಫೋನು ಕೊಟ್ಟೆ. ಅದರಲ್ಲಿದ್ದದ್ದು ನೀವು ಮಾಡಿದ ಆಟದ ಆ್ಯಪು, ನಿಜವಾದ ರೊಕ್ಕ ಅಲ್ಲ. "ನಿಮಗೆ ಐದು ನೂರು ರೂಪಾಯಿ ಬರಬೇಕು, ಏನು ಮಾಡುತ್ತೀರಿ" ಅಂತ ಕೇಳಿದೆ. ಆ್ಯಪು ಪಿನ್ ಕೇಳಿತು. ಆಕೆ ಒತ್ತಿದಳು. ಒತ್ತಬಾರದಿತ್ತು. ರೊಕ್ಕ ಹೋಗಲಿಕ್ಕೆ ಪಿನ್ ಬೇಕು, ಬರಲಿಕ್ಕೆ ಬೇಕಿಲ್ಲ. ಮೋಸ ಮಾಡುವವರು ಹಿಡಿಯುವುದೇ ಈ ಜಾಗದಲ್ಲಿ. ನಿನ್ನ ಪೇಪರು ಇರುವುದೂ ಇದರ ಮೇಲೆಯೇ. ಹಾಗಾಗಿ ಆಕೆ ಒತ್ತಿದ ಕೂಡಲೇ ನಿನ್ನ ಮನಸ್ಸು "ಸಿಕ್ಕಿತು" ಅಂದಿತು. ಆಕೆ ತಲೆ ಎತ್ತಿ "ರೊಕ್ಕ ಬಂತೇನ ಯವ್ವಾ?" ಅಂತ ಕೇಳಿದಳು. ನಡುವೆ ಬಾಯಿ ಹಾಕಬಾರದು ಅನ್ನುವ ನಿಯಮ ಇರುವುದರಿಂದ ನೀನು ಸುಮ್ಮನೆ ಕೂತೆ.

ಹೌದಲ್ಲ?

ಆ ಖುಷಿ ನನಗೆ ಗೊತ್ತು. ಇದನ್ನು ಮೊದಲು ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ಸಂಜೆ ಟ್ಯಾಲಿ ಆಗದಿದ್ದರೆ ಮನೆಗೆ ಹೋಗುವ ಹಾಗಿರಲಿಲ್ಲ. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ನಡುವೆ 27 ರೂಪಾಯಿ ಫರಕು. ಎಲ್ಲರ ಮುಖ ಜೋತು ಬೀಳುತ್ತಿತ್ತು. ನನಗೆ ಹಿರಿಯ ಕ್ಯಾಷಿಯರ್ ಒಬ್ಬರು ಒಂದು ಗುಟ್ಟು ಕಲಿಸಿದ್ದರು. ಫರಕನ್ನು 9ರಿಂದ ಭಾಗಿಸಿ ನೋಡು. ಪೂರ್ತಿ ಹೋದರೆ ಯಾರೋ ಅಂಕಿ ಅದಲು ಬದಲು ಮಾಡಿದ್ದಾರೆ ಅಂತ ಹುಡುಕು. 85 ಬರೆಯುವಲ್ಲಿ 58 ಬರೆದಿದ್ದರೆ ಫರಕು 27. ಯಾವ ಎರಡು ಅಂಕಿ ತಿರುಗಿ ಬಿದ್ದರೂ ಫರಕು 9ರ ಮಗ್ಗಿಯಲ್ಲೇ ಬರುತ್ತದೆ. ರಾತ್ರಿ ಎಂಟಕ್ಕೆ ಆ 58 ಕಣ್ಣಿಗೆ ಬಿದ್ದಾಗ ಆಗುತ್ತಿದ್ದ ಖುಷಿ ಏನು ಕೇಳುತ್ತೀ! ತಪ್ಪು ಮಾಡಿದವನ ಬೆನ್ನು ತಟ್ಟಬೇಕು ಅನ್ನಿಸುತ್ತಿತ್ತು. ಮನುಷ್ಯನ ತಪ್ಪಿಗೂ ಒಂದು ಜಾಡು ಇರುತ್ತದೆ ಅಂತ ನನಗೆ ಕಲಿಸಿದ್ದು ಆ 9. ನೀನು ಓದುತ್ತಿರುವುದೂ ಹೆಚ್ಚು ಕಡಿಮೆ ಅದೇ ಅಲ್ವಾ?

ಹಾಗಾದರೆ ನಿನ್ನ ಖುಷಿ ತಪ್ಪಿನ ಜಾಡು ಸಿಕ್ಕ ಖುಷಿ, ಆ ಅಮ್ಮ ಸೋತ ಖುಷಿ ಅಲ್ಲ ಅಂತ ಬರೆದು ಮುಗಿಸಬಹುದಿತ್ತು. ಹರಿದ ಎರಡನೇ ಕಾಗದದಲ್ಲಿ ಹಾಗೇ ಬರೆದಿದ್ದೆ. ಮರುದಿನ ಓದಿದಾಗ ಸರಿ ಕಾಣಲಿಲ್ಲ. ಲೆಡ್ಜರಿನ 58 ತಲೆ ಎತ್ತಿ "ರೊಕ್ಕ ಬಂತೇನು" ಅಂತ ಕೇಳುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಚುಚ್ಚಿತು. ಬೇಸರ ಮಾಡಿಕೊಳ್ಳಬೇಡ. ನೀನು ಆಕೆಯನ್ನು ಪಿ-ನಾಲ್ಕು ಅಂತ ಬರೆದಿದ್ದೀಯ. ಯಾಕೆ ಅಂತ ನನಗೆ ಗೊತ್ತು. ಹೆಸರು ಹೊರಗೆ ಬರಬಾರದು, ಯಾವ ಓಣಿಯ ಯಾರು ತಪ್ಪಿದರು ಅಂತ ಯಾರಿಗೂ ತಿಳಿಯಬಾರದು, ಅದಕ್ಕೆ ನಂಬರು. ಆಕೆಯನ್ನು ಕಾಯಲಿಕ್ಕೆ ಇಟ್ಟ ನಂಬರು ಅದು. ಆದರೂ ಓದುವಾಗ ನನಗೆ ಕೇಳಿಸಿದ್ದು ಬೇರೆ ಒಂದು ನಂಬರು. ಹದಿನೇಳು.

ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ. ಕಾಕಿಗೆ ಅರ್ಧ ಗೊತ್ತು.

1996ರ ಸುಮಾರು. ಬಾಗಲಕೋಟೆ ಇನ್ನೂ ಜಿಲ್ಲೆ ಆಗಿರಲಿಲ್ಲ, ನಾವು ವಿಜಾಪುರ ಜಿಲ್ಲೆಯವರು. ಆಲಮಟ್ಟಿಯ ಮುಳುಗಡೆ ಪರಿಹಾರದ ರೊಕ್ಕ ಬರುತ್ತಿದ್ದ ಕಾಲ. ಜನ್ಮದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತದ ಮಂದಿ ಬಂದು ನಿಲ್ಲುತ್ತಿದ್ದರು. ಹೊಲ ಕಳೆದುಕೊಂಡಿದ್ದಾರೆ, ಕೈಯಲ್ಲಿ ಪಾಸ್‌ಬುಕ್ ಇದೆ, ಅದರಲ್ಲಿ ಏನಿದೆ ಗೊತ್ತಿಲ್ಲ. ನಾನಿದ್ದ ಶಾಖೆಯ ಹೆಸರು ಬೇಡ. ಆಗ ಎಲ್ಲ ಕಡೆಯೂ ಪದ್ಧತಿ ಒಂದೇ. ಸ್ಲಿಪ್ ಮತ್ತು ಪಾಸ್‌ಬುಕ್ಕು ಲೆಡ್ಜರ್ ಕೌಂಟರಿನಲ್ಲಿ ಕೊಡಬೇಕು. ಅಲ್ಲಿ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತೇವೆ. ಕ್ಯಾಷಿಯರ್ ನಂಬರು ಕೂಗಿದಾಗ ಬಿಲ್ಲೆ ಕೊಟ್ಟು ರೊಕ್ಕ ಎಣಿಸಿಕೊಳ್ಳಬೇಕು. ಇಷ್ಟೇ. ನಮಗೆ ಉಸಿರಾಡಿದಷ್ಟು ಸಲೀಸು.

ಬೀಳಗಿ ಕಡೆಯ ಒಬ್ಬ ಮುದುಕಿ ಬಂದಳು. ಜೊತೆಗೆ ಬಂದ ಹುಡುಗ ಸ್ಲಿಪ್ ತುಂಬಿಸಿ, ಹೆಬ್ಬೆಟ್ಟು ಒತ್ತಿಸಿ, ಎಲ್ಲೋ ಹೋದ. ನಾನೇ ಬಿಲ್ಲೆ ಕೊಟ್ಟೆ. ಹದಿನೇಳು. ಇಂಗ್ಲಿಷ್ ಅಂಕಿಯಲ್ಲಿ ಕೊರೆದದ್ದು. ಕ್ಯಾಷಿಯರ್ "ಸೆವೆಂಟೀನ್, ಸೆವೆಂಟೀನ್" ಅಂತ ಕೂಗಿದ. ಯಾರೂ ಬರಲಿಲ್ಲ. ಸಂಜೆ ಬಿಲ್ಲೆ ಎಣಿಸಿದರೆ ಒಂದು ಕಡಿಮೆ. ಸಿಪಾಯಿಯ ಪಗಾರದಲ್ಲಿ ಹಿಡಿಯುತ್ತೇನೆ ಅಂತ ಮ್ಯಾನೇಜರ್ ಕೂಗಾಡಿದರು. ಎಲ್ಲರೂ ಬೆಂಚಿನ ಕೆಳಗೆ, ಕಸದ ಬುಟ್ಟಿಯಲ್ಲಿ ಹುಡುಕಿದೆವು.

ಮರುದಿನ ಆಕೆಯೇ ಬಂದಳು. ಪಾಸ್‌ಬುಕ್ ಕೇಳಲಿಕ್ಕೆ. ನಾನು ಕೌಂಟರಿನಿಂದಲೇ ಜೋರಾಗಿ "ಬಿಲ್ಲೆ ಎಲ್ಲೈತಿ ಮುದುಕಿ?" ಅಂದೆ. ಸೆರಗಿನ ಗಂಟು ಬಿಚ್ಚಿ ತೆಗೆದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಅಷ್ಟು ವರ್ಷದಲ್ಲಿ ಆ ಬಿಲ್ಲೆ ಅಷ್ಟು ಹೊಳೆದದ್ದನ್ನು ನಾನು ನೋಡಿರಲಿಲ್ಲ. ಅದರ ಮೇಲೆ ಕುಂಕುಮ ಇತ್ತು. ರಾತ್ರಿ ಜಗಲಿಯ ಮೇಲೆ ದೇವರ ಹತ್ತಿರ ಇಟ್ಟಿದ್ದಳು.

"ಇದೇನು ಲಕ್ಷ್ಮೀ ಅಂತ ತಿಳಿದೇನ ಯವ್ವಾ, ಪೂಜಿ ಮಾಡಾಕ?" ಅಂದೆ.

ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜಾಸ್ತಿ. ಆಕೆಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. "ನನಗೇನು ತಿಳಿತೈತಿ, ಹುಚ್ಚು ಮುದುಕಿ ನಾ" ಅಂದಳು.

ಅಕ್ಕವ್ವ, ನಿನ್ನ ಪಿ-ನಾಲ್ಕು ಕೊನೆಗೆ ಏನಂದಳು ಅಂತ ಬರೆದಿದ್ದೀಯ? "ನನಗೇನು ತಿಳಿತೈತಿ ಯವ್ವಾ, ನಾ ದಡ್ಡಿ." ಇದನ್ನು ಓದಿದಾಗ ಪಡಸಾಲೆಯಿಂದ ಎದ್ದು ಹೊರಗೆ ಹೋದೆ. ಕಾಕಿ ಚಹಾ ಆರಿತು ಅಂತ ಬೈದಳು.

ಹದಿನೇಳನೇ ನಂಬರಿನ ಮುದುಕಿ ಒಂದು ತಿಂಗಳೊಳಗೆ ರೊಕ್ಕ ಎಲ್ಲ ತೆಗೆದು ಖಾತೆ ಮುಚ್ಚಿದಳು. ಮೈದುನನ ಮಗ ಬಂದಿದ್ದ. ಎಲ್ಲ ಅವನೇ ಎಣಿಸಿಕೊಂಡ. ಆ ವೋಚರ್ ಪಾಸ್ ಮಾಡಿದವನೂ ನಾನೇ. ಆಮೇಲೆ ಆ ರೊಕ್ಕ ಏನಾಯಿತೋ. ಅವರ ಊರು ಹಿನ್ನೀರಿಗೆ ಹೋಯಿತು, ಮಂದಿ ಪುನರ್ವಸತಿ ಕೇಂದ್ರಕ್ಕೆ ಹೋದರು. ನಾನು ಹುಡುಕಿಕೊಂಡು ಹೋಗಬಹುದಿತ್ತು. ಬಸ್ಸಿಗೆ ಒಂದೂವರೆ ತಾಸು. ಹೋಗಲಿಲ್ಲ.

ಯಾಕೆ ಒಯ್ದಳು ಅಂತ ಯಾರೂ ಕೇಳಲಿಲ್ಲ. ಹನ್ನೆರಡು ಮಂದಿ ಸ್ಟಾಫು, ಡಿಗ್ರಿ ಆದವರು, ಒಬ್ಬರಿಗೂ ಆ ಪ್ರಶ್ನೆ ಹೊಳೆಯಲಿಲ್ಲ. ನನಗೆ ಉತ್ತರ ಸಿಕ್ಕಿದ್ದು ನಿವೃತ್ತಿ ಆದ ಮೇಲೆ, ಬನಶಂಕರಿ ಜಾತ್ರೆಯಲ್ಲಿ. ಚಪ್ಪಲಿ ಬಿಟ್ಟೆ, ಹುಡುಗ ಒಂದು ತಗಡಿನ ಬಿಲ್ಲೆ ಕೊಟ್ಟ. ಕಾಕಿ "ಭದ್ರ ಇಟ್ಟಕೋರಿ, ಕಳದ್ರ ಚಪ್ಪಲಿ ಹೋದಂಗ" ಅಂದಳು. ಜೇಬಿಗೆ ಹಾಕಿ ಮೇಲೆ ಕೈ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದೆ. ಆಗ ತಿಳಿಯಿತು. ಆ ಮುದುಕಿಯ ಜೀವನದಲ್ಲಿ ಬಿಲ್ಲೆಗೆ ಇದ್ದ ಅರ್ಥ ಇದು. ನಮ್ಮ ವಸ್ತು ಅವರ ಹತ್ತಿರ ಇದೆ ಅನ್ನುವುದಕ್ಕೆ ಗುರುತು. ಹೊಲ ಹೋದ ರೊಕ್ಕ ಬ್ಯಾಂಕಿನಲ್ಲಿದೆ, ಬ್ಯಾಂಕಿನವರು ಗುರುತಿಗೆ ಹಿತ್ತಾಳೆ ಬಿಲ್ಲೆ ಕೊಟ್ಟಿದ್ದಾರೆ. ಅದನ್ನು ದೇವರ ಮುಂದೆ ಇಡದೆ ಎಲ್ಲಿಡಬೇಕು? ಆಕೆ ಲೆಕ್ಕ ಸರಿಯಾಗಿಯೇ ಹಾಕಿದ್ದಳು. ಸಾಲಿನಲ್ಲಿ ನನ್ನ ಹಿಂದಿದ್ದವರು ತಳ್ಳಿದರು. ನಾನು ಮುಂದೆ ಸರಿಯದೆ ನಿಂತಿದ್ದೆನಂತೆ.

ಹೋದ ದೀಪಾವಳಿಗೆ ಬಂದಾಗ ನೀನು ವಿಮಾನದ ಕತೆ ಹೇಳಿದ್ದೆ. ನೆನಪಿದೆಯಾ? ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್‌ಗಳು ಸರಿಯಾಗಿ ಇಳಿದ ಮೇಲೆ ಪೈಲಟ್‌ಗಳು ಚಕ್ರ ಮಡಚಿಬಿಡುತ್ತಿದ್ದರು, ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ಪೈಲಟ್‌ನ ತಪ್ಪು ಅಂತ ಬರೆದು ಮುಗಿಸುತ್ತಿದ್ದರು. ಅಲ್ಫಾನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞ ಒಳಗೆ ಹೋಗಿ ನೋಡಿದ. ಚಕ್ರದ ಹಿಡಿಕೆ, ರೆಕ್ಕೆಯ ಫ್ಲಾಪಿನ ಹಿಡಿಕೆ, ಎರಡೂ ಒಂದೇ ಥರ, ಪಕ್ಕಪಕ್ಕದಲ್ಲಿ. ಚಕ್ರದ ಹಿಡಿಕೆಗೆ ಒಂದು ಸಣ್ಣ ರಬ್ಬರ್ ಗಾಲಿ, ಫ್ಲಾಪಿನದಕ್ಕೆ ಬೆಣೆಯಂಥ ತುಂಡು ಸಿಕ್ಕಿಸಿದ. ಕೈಗೇ ಗೊತ್ತಾಗುವ ಹಾಗೆ. ನೀನು ಹೇಳುವಾಗ ನಿನ್ನ ಕಣ್ಣು ಹೊಳೆಯುತ್ತಿತ್ತು. ನಾನು ಚುರಮರಿ ತಿನ್ನುತ್ತಾ ಹೂಂ ಹೂಂ ಅಂದೆ. ಒಳಗೆ ಮಾತ್ರ ಹದಿನೇಳನೇ ಬಿಲ್ಲೆ ತಿರುಗುತ್ತಿತ್ತು. ನಮ್ಮ ಕೌಂಟರಿಗೆ ಅಂಥ ಒಬ್ಬ ಬಂದಿದ್ದರೆ ಅಂತ.

ಆ ಚಪಾನಿಸ್‌ಗೂ ಖುಷಿ ಆಗಿರಬೇಕಲ್ಲ? ಹಿಡಿಕೆ ನೋಡಿದ ಕೂಡಲೇ? ಹೊರಗೆ ವಿಮಾನ ಮುರಿದು ಬಿದ್ದಿರುತ್ತದೆ, ಇವನು ಒಳಗೆ "ಸಿಕ್ಕಿತು" ಅಂತಾನೆ. ಅವನು ಕಲ್ಲಾಗಿದ್ದನಾ? ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಅವನ ಮನಸ್ಸು ನಾನೇನು ಕಂಡೆ.

ಮಾತು ಎಲ್ಲೆಲ್ಲೋ ಹೋಗುತ್ತಿದೆ. ನಾನೂ ಒಮ್ಮೆ ಪಿ-ನಾಲ್ಕು ಆಗಿದ್ದೆ ಅನ್ನುವುದನ್ನು ಹೇಳಬೇಕು. ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ನನಗೆ ನಲವತ್ತು ದಾಟಿತ್ತು. ತರಬೇತಿಗೆ ಕಳಿಸಿದರು. ಹೇಳಿಕೊಡುವ ಹುಡುಗ ನನ್ನ ಅರ್ಧ ವಯಸ್ಸಿನವನು. "ಎನಿ ಕೀ ಒತ್ತಿ" ಅಂತ ಪರದೆಯ ಮೇಲೆ ಬಂತು. ನಾನು ಆ ಹೆಸರಿನ ಕೀ ಹುಡುಕಿದೆ. ಐದು ನಿಮಿಷ ಹುಡುಕಿದೆ. ಅವನು ಹಿಂದೆ ನಿಂತು ನೋಡುತ್ತಿದ್ದ, ಆಮೇಲೆ ಪಕ್ಕದವನಿಗೆ ಸನ್ನೆ ಮಾಡಿದ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮುದುಕಿಯ ಮೇಲೆ ನಕ್ಕವನಿಗೆ ಅವತ್ತಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕಲಿತ ಮೇಲೆ ನಾನೂ ಬೇರೆಯವರಿಗೆ ಸನ್ನೆ ಮಾಡಿದೆ.

ಕ್ಯಾಲ್ಕ್ಯುಲೇಟರಿನಲ್ಲಿ ಮೇಲಿನ ಸಾಲು 7, 8, 9. ಫೋನಿನಲ್ಲಿ ಮೇಲಿನ ಸಾಲು 1, 2, 3. ಮೂವತ್ತು ವರ್ಷ ಲೆಕ್ಕ ಒತ್ತಿದ ಬೆರಳು ಫೋನಿನಲ್ಲಿ ತಪ್ಪು ನಂಬರು ಒತ್ತುತ್ತದೆ ಅಂತ ಹೇಳಿದಾಗ ಎಲ್ಲರೂ ವಯಸ್ಸಾಯಿತು ಅಂದರು. ನೀನೊಬ್ಬಳೇ ನಗಲಿಲ್ಲ. 1960ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಬೇರೆ ಬೇರೆ ಥರ ಗುಂಡಿ ಜೋಡಿಸಿ, ಜನರಿಂದ ಒತ್ತಿಸಿ ನೋಡಿ, ಫೋನಿನ ಜೋಡಣೆ ಆರಿಸಿದರು ಅಂತ ಹೇಳಿದೆ. "ನಿಮ್ಮ ಬೆರಳು ಸರಿ ಇದೆ ಕಾಕಾ, ಎರಡು ಯಂತ್ರ ಒಂದನ್ನೊಂದು ಕೇಳದೆ ಹುಟ್ಟಿವೆ" ಅಂದೆ. ಆಗ ನಿನಗೆ ಇಪ್ಪತ್ತೆರಡು ವಯಸ್ಸು ಇರಬೇಕು. ನನ್ನ ಬೆರಳಿನ ಪರ ಮಾತಾಡಿದವಳು ಈಗ ಕಲ್ಲಾಗುತ್ತಿದ್ದೇನೆ ಅಂತ ಬರೆಯುತ್ತಾಳೆ.

ಕಲ್ಲಾಗುವುದು ಒಂದು ದಿನದ ಕೆಲಸ ಅಲ್ಲ, ಅದಂತೂ ನನಗೆ ಗೊತ್ತು. ನನಗೆ ಹೇಗೆ ಆಯಿತು ಅಂತ ಹೇಳಲಾ? ಮೊದಲು ಅವಸರ. ಸಾಲು ಉದ್ದ ಇದೆ, ಬೇಗ ಬೇಗ. ಆಮೇಲೆ ಒಂದೇ ತಪ್ಪನ್ನು ನೂರು ಮಂದಿ ಮಾಡುವುದು ಕಂಡಿತು. ನೂರು ಮಂದಿ ಒಂದೇ ತಪ್ಪು ಮಾಡಿದರೆ ನಮ್ಮ ಪದ್ಧತಿಯಲ್ಲೇ ಏನೋ ಇದೆ ಅಂತ ಅನ್ನಿಸಬೇಕಿತ್ತು. ನನಗೆ ಅನ್ನಿಸಿದ್ದು, ಈ ಮಂದಿಯೇ ಹೀಗೆ. ಅಷ್ಟೇ. ಅಲ್ಲಿಂದ ಮುಂದೆ ಸಲೀಸು. ನಿನ್ನ ಕಾಗದದಲ್ಲಿ "ಈ ಮಂದಿಯೇ ಹೀಗೆ" ಅನ್ನುವ ಧಾಟಿಯ ಮಾತು ಇದೆಯಾ ಅಂತ ಆರೂ ಪುಟ ಮತ್ತೆ ಹುಡುಕಿದೆ. ಫರಕು ಹುಡುಕುವವನ ಕಣ್ಣು ಇದು. ಸಿಗಲಿಲ್ಲ. ಆದರೆ ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಡ. ಅವಸರ ಮಾತ್ರ ಎರಡು ಕಡೆ ಸಿಕ್ಕಿತು. ಗಡುವಿನೊಳಗೆ ಹನ್ನೆರಡು ಮಂದಿ ಮುಗಿಸಬೇಕು ಅಂತ ಬರೆದಿದ್ದೀಯ. ಮಂದಿಯನ್ನು "ಮುಗಿಸುವುದು". ನಿನ್ನದೇ ಶಬ್ದ.

ಇನ್ನು ಒಂದು ಮಾತು. ನಿನ್ನ ಪೇಪರಿಗೆ ಉಪಯೋಗ ಆದರೆ ಆಗಲಿ, ಇಲ್ಲದಿದ್ದರೆ ಮುದುಕನ ಹರಟೆ ಅಂತ ಬಿಡು. ಪಿ-ನಾಲ್ಕು ಯಾಕೆ ಪಿನ್ ಒತ್ತಿದಳು? ಗೊಂದಲ ಆಯಿತು, ಅಕ್ಷರ ಬರುವುದಿಲ್ಲ, ಗುಂಡಿ ಸಣ್ಣದಿತ್ತು ಅಂತೆಲ್ಲ ಬರೆದಿದ್ದೀಯ. ಇರಬಹುದು. ಆದರೆ ಆಕೆಯ ಬದುಕಿನಲ್ಲಿ ಏನನ್ನೂ ಒತ್ತದೆ ರೊಕ್ಕ ಬಂದದ್ದು ಯಾವಾಗ? ಮನಿಯಾರ್ಡರ್ ಬಂದರೆ ಪೋಸ್ಟ್‌ಮನ್ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಟ್ಟ. ವಿಧವಾ ವೇತನಕ್ಕೆ ಹೆಬ್ಬೆಟ್ಟು. ಮುಳುಗಡೆ ಪರಿಹಾರಕ್ಕೆ ಹೆಬ್ಬೆಟ್ಟು, ಅದೂ ಎಷ್ಟು ಕಾಗದದ ಮೇಲೆ! ರೇಷನ್ ಅಕ್ಕಿಗೆ ಈಗ ಯಂತ್ರದ ಮೇಲೆ ಬೆರಳು. ನಾನೇ ಸಾವಿರಾರು ಮಂದಿಯ ಕೈ ಹಿಡಿದು ಮಸಿಯ ಮೇಲೆ ಒತ್ತಿಸಿದ್ದೇನೆ. "ಒತ್ತು ಯವ್ವಾ, ಒತ್ತಿದ್ರನ ರೊಕ್ಕ" ಅಂದಿದ್ದೇನೆ. ತೆಗೆದುಕೊಳ್ಳುವವರು ಗುರುತು ಹಾಕಬೇಕು ಅನ್ನುವುದನ್ನು ನಾವೇ ಕಲಿಸಿದ್ದು. ಚೆನ್ನಾಗಿ ಕಲಿತಿದ್ದಾಳೆ. 2016ರಲ್ಲಿ ಬಂದ ಯುಪಿಐ ಅದನ್ನು ತಿರುಗಿಸಿತು. ಕೊಡುವವರು ಒತ್ತಬೇಕು, ತೆಗೆದುಕೊಳ್ಳುವವರು ಸುಮ್ಮನೆ ಕೂರಬೇಕು. ನನಗೂ ಇದು ಸರಿಯಾದದ್ದೇ ಅನ್ನಿಸುತ್ತದೆ. ಆದರೆ ತಿರುಗಿಸಿದ್ದೇವೆ ಅಂತ ಆಕೆಗೆ ಹೇಳಿದವರು ಯಾರು?

ಇನ್ನೂ ಒಂದು ಇದೆ, ಇದನ್ನು ಬರೆಯಬೇಕೋ ಬೇಡವೋ ಅಂತ ನಿನ್ನೆ ಪೂರ್ತಿ ಯೋಚಿಸಿದೆ. ಶುರುವಿಗೆ ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ತೆಗೆದುಕೊಂಡೆ ಅಂತ ಬರೆದಿದ್ದೀಯ. ಕೊನೆಗೆ ಆಕೆಯ ಹೊತ್ತಿಗೆ ಅಂತ ರೊಕ್ಕ ಕೊಟ್ಟು ವೋಚರಿನ ಮೇಲೆ ಹೆಬ್ಬೆಟ್ಟು ತೆಗೆದುಕೊಂಡೆ. ನೋಡು. ರೊಕ್ಕ ಬರಲಿಕ್ಕೆ ಏನೂ ಒತ್ತಬೇಕಿಲ್ಲ ಅಂತ ತಿಳಿಸಿ ಹೇಳಿದ ಮೇಲೆ, ರೊಕ್ಕ ಕೊಟ್ಟು ಒತ್ತಿಸಿಕೊಂಡೆ. ನಿನ್ನ ತಪ್ಪು ಅಂತ ಹೇಳುತ್ತಿಲ್ಲ. ನಿಯಮ ಇದೆ, ಲೆಕ್ಕ ಕೊಡಬೇಕು, ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ನಗು ಬಂತು, ಅಷ್ಟೇ. ಆ ಹಳೆಯ ನಗು ಅಲ್ಲ.

ಎಟಿಎಮ್ ಮಾಡಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ, 1925ರಲ್ಲಿ. ಅವನ ಯಂತ್ರ 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನ ಒಂದು ಬ್ಯಾಂಕಿನ ಗೋಡೆಗೆ ಕೂತಿತು. ಪಿನ್ ಆರು ಅಂಕಿ ಇರಲಿ ಅಂತ ಅವನಿಗಿತ್ತಂತೆ. ಅಡಿಗೆಮನೆಯಲ್ಲಿ ಹೆಂಡತಿಯನ್ನು ಕೇಳಿದ. ನನಗೆ ನಾಲ್ಕೇ ನೆನಪು ಉಳಿಯುವುದು ಅಂದಳು. ನಾಲ್ಕಾಯಿತು. ಅವಳು ತಪ್ಪಿದಾಗ ಅವನಿಗೆ ಖುಷಿ ಆಯಿತೋ ಬೇಸರ ಆಯಿತೋ ಯಾರೂ ಬರೆದಿಟ್ಟಿಲ್ಲ. ಅವಳು ಮಾತ್ರ ನಾನು ದಡ್ಡಿ ಅಂದಿರಲಿಕ್ಕಿಲ್ಲ ಅಂತ ನನ್ನ ಅಂದಾಜು. ಮನೆಯವನ ಮುಂದೆ ಯಾಕೆ ಅನ್ನುತ್ತಾಳೆ? ಆರು ಜಾಸ್ತಿ ಆಯಿತು ಅಂದಿರುತ್ತಾಳೆ. ಕಾಕಿಯಾದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದಳು.

ಇಲ್ಲಿ ಒಂದು ಸಣ್ಣ ಸೂಚನೆ. ತಪ್ಪಿದ್ದರೆ ಕ್ಷಮಿಸು, ನಿನ್ನ ಶಾಸ್ತ್ರ ನನಗೆ ಗೊತ್ತಿಲ್ಲ. ಶುರುವಿಗೆ ನೀನು ಒಂದು ಮಾತು ಹೇಳುತ್ತೀಯಂತೆ, "ನಾವು ಪರೀಕ್ಷೆ ಮಾಡುತ್ತಿರುವುದು ಆ್ಯಪನ್ನು, ನಿಮ್ಮನ್ನಲ್ಲ." ಒಳ್ಳೆಯ ಮಾತು. ಆದರೆ ನಮ್ಮ ಕಡೆ ಪರೀಕ್ಷೆ ಅನ್ನುವ ಶಬ್ದ ಬಿದ್ದ ಮೇಲೆ ನಪಾಸಾಗುವವರು ತಾವೇ ಅಂತ ಮಂದಿ ತಯಾರಾಗಿ ಕೂರುತ್ತಾರೆ. ಅದರ ಬದಲು "ಇದನ್ನು ಮಾಡಿದವರಿಗೆ ನಮ್ಮ ಊರು ಗೊತ್ತಿಲ್ಲ, ಎಲ್ಲಿ ಎಡವುತ್ತೀರೋ ಅಲ್ಲಿ ಅವರನ್ನು ಬೈಯಿರಿ, ನಾನು ಬರೆದುಕೊಳ್ಳುತ್ತೇನೆ" ಅಂದರೆ ಹೇಗೆ? ಬೈಯಲಿಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ಅನ್ನುತ್ತೀಯಲ್ಲ, ಅದೂ ಕಷ್ಟ. ಒಬ್ಬರೇ ಮಾತಾಡಿದರೆ ಓಣಿಯ ಮಂದಿ ಹುಚ್ಚು ಹಿಡಿದಿದೆ ಅಂತಾರೆ. ಇಬ್ಬರನ್ನು ಜೊತೆಗೆ ಕೂರಿಸು, ಅಕ್ಕಪಕ್ಕದ ಮನೆಯವರು. ಒಬ್ಬಳು ಒತ್ತುತ್ತಾಳೆ, ಇನ್ನೊಬ್ಬಳು "ಅಲ್ಲಲ್ಲಾ" ಅಂತಾಳೆ. ಮಾತು ತಾನೇ ಹೊರಗೆ ಬರುತ್ತದೆ. ಇದಕ್ಕೂ ನಿಮ್ಮಲ್ಲಿ ಏನೋ ಹೆಸರಿರಬೇಕು. ನಿನ್ನ ಗೈಡಿನ ಮುಂದೆ ಕಾಕಾ ಹೇಳಿದರು ಅಂತ ಹೇಳಬೇಡ, ನಗುತ್ತಾರೆ.

ಐದು ಮಂದಿಯ ಮೇಲೆ ನೋಡಿದರೆ ದೊಡ್ಡ ದೊಡ್ಡ ತೊಡಕು ಬಹುಮಟ್ಟಿಗೆ ಕಾಣುತ್ತವೆ ಅಂತ ನಿಮ್ಮ ಶಾಸ್ತ್ರದ ಯಾಕಬ್ ನೀಲ್ಸನ್ ಅನ್ನುವವರು ಹೇಳುತ್ತಾರೆ ಅಂತ ನೀನೇ ಅಂದಿದ್ದೆ. ಹಾಗಿದ್ದರೆ ಹನ್ನೆರಡು ಯಾಕೆ? ಪೇಪರಿಗೆ ಬೇಕಿರಬಹುದು. ಆದರೆ ನಾಲ್ಕನೆಯವಳು ಬಿದ್ದ ಗುಂಡಿಗೆ ಎಂಟು ಮಂದಿಯನ್ನು ಮತ್ತೆ ಬೀಳಿಸುವ ಮೊದಲು ಆ ಜಾಗವನ್ನು ಸ್ವಲ್ಪ ತಿದ್ದಿ ನೋಡಬಹುದಾ? ಗೊತ್ತಿಲ್ಲ. ಸುಮ್ನೆ ಕೇಳಿದೆ.

ಮತ್ತೆ ನಾಲ್ಕನೇ ಪುಟಕ್ಕೆ ಬರುತ್ತೇನೆ. ಅಲ್ಲಿಂದ ನನಗೂ ಏಳಲಿಕ್ಕೆ ಆಗುತ್ತಿಲ್ಲ. ನೀನು ಹೆದರಿದ್ದು ಅದೇ ರಾತ್ರಿ. ನನಗೆ ಹೆದರಿಕೆ ಬರಲು ಹದಿನೈದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಅದೂ ಚಪ್ಪಲಿ ಕಾಯುವ ಹುಡುಗನಿಂದ. ಇದು ನಿನಗೆ ಸ್ವಲ್ಪ ಧೈರ್ಯ ಕೊಡಬಹುದು ಅಂದುಕೊಂಡಿದ್ದೇನೆ. ಆದರೆ ನಾಲ್ಕು ವರ್ಷ, ನಲವತ್ತು ಊರು ಆದ ಮೇಲೆಯೂ ಅದೇ ರಾತ್ರಿ ಹೆದರಿಕೆ ಬರುತ್ತದಾ? ನನಗೆ ಹೇಳಲಿಕ್ಕೆ ಬರುವುದಿಲ್ಲ ಅಕ್ಕವ್ವ. ಬರದೆ ಹೋದ ದಿನ ನನಗೆ ಒಂದು ಕಾಗದ ಬರೆ, ನಾನಿದ್ದರೆ.

ಖುಷಿ ಬಿಡು ಅಂತ ನಾನು ಹೇಳುವುದಿಲ್ಲ. ಆ ಖುಷಿ ಇಲ್ಲದಿದ್ದರೆ ಬಿಸಿಲಿನಲ್ಲಿ ಆ ಊರುಗಳನ್ನು ಯಾರು ಸುತ್ತುತ್ತಾರೆ? ಆದರೆ ಆಕೆ "ರೊಕ್ಕ ಬಂತೇನು" ಅಂತ ಕೇಳಿದ್ದಳು. ನೀನು ಆಮೇಲೆ ತಿಳಿಸಿ ಹೇಳಿದೆ, ಸರಿ. ನೀನು ಹೇಳಿದ್ದು ಪಿನ್ ಒತ್ತಬಾರದು ಅಂತ. ಆಕೆ ಒತ್ತಿದ್ದಕ್ಕೆ ಒಂದು ಕಾರಣ ಇತ್ತು, ಅದು ಬುದ್ಧಿವಂತರ ಕಾರಣವೇ ಆಗಿತ್ತು ಅಂತ ಆಕೆಗೆ ಯಾರೂ ಹೇಳಿಲ್ಲ. ದಡ್ಡಿ ಅಂದುಕೊಂಡೇ ಒಳಗೆ ಹೋಗಿದ್ದಾಳೆ. ಆಗಿದ್ದರೆ ಮತ್ತೊಂದು ಸಲ ಹೋಗಿ ಬಾ. ಪೇಪರಿಗಾಗಿ ಅಲ್ಲ, ಫೋನು ಚೀಲದಲ್ಲೇ ಇರಲಿ. ಮೊದಲ ಸಲ ಕೂತ ಕಟ್ಟೆಯ ಮೇಲೆಯೇ ಕೂತು ಹೇಳು. ನಿನ್ನ ನಿಯಮದಲ್ಲಿ ಇದಕ್ಕೆ ಅಡ್ಡಿ ಇದ್ದರೆ ನಿನ್ನ ಗೈಡನ್ನು ಕೇಳಿಕೊಂಡು ಹೋಗು. ಬಸ್ಸಿಗೆ ಒಂದೂವರೆ ತಾಸು, ಅಷ್ಟೇ. ಈಗ ರಸ್ತೆ ಚೆನ್ನಾಗಿದೆ ಅಂತಾರೆ, ಇನ್ನೂ ಕಡಿಮೆ ಹಿಡಿಯಬಹುದು.

ಹೋದರೆ ಆಕೆ ಯಾವ ಮುಳುಗಡೆ ಊರಿನವರು ಅಂತ ಕೇಳು. ಹೆಸರು ನನಗೆ ಬೇಡ, ಊರು ಸಾಕು. ಆಕೆಯ ಅತ್ತೆಯೋ ಅವ್ವನೋ ಹಿತ್ತಾಳೆ ಬಿಲ್ಲೆಯ ಮಾತು ಎಂದಾದರೂ ಆಡಿದ್ದರಾ ಅಂತ ಸಹಜವಾಗಿ ಕೇಳು. ಆಡಿರಲಿಕ್ಕಿಲ್ಲ. ಅಷ್ಟೊಂದು ಊರುಗಳಲ್ಲಿ ಅದೇ ಮನೆ ಸಿಗುವುದುಂಟಾ? ಕೇಳಿದರೆ ಖರ್ಚೇನೂ ಇಲ್ಲ.

ಪಂಚಮಿಯ ಡಬ್ಬಿ ಇವತ್ತು ಬಸ್ಸಿಗೆ ಹಾಕುತ್ತಿದ್ದೇನೆ. ಮೇಲೆ ಶೇಂಗಾ ಉಂಡಿ ಮತ್ತು ತಂಬಿಟ್ಟು ನಿನಗೆ. ಕೆಳಗೆ ಪೇಪರಿನಲ್ಲಿ ಸುತ್ತಿದ ಎಳ್ಳುಂಡಿ ಆಕೆಗೆ, ಹಲ್ಲು ಇದ್ದರೆ. ಡಬ್ಬಿ ವಾಪಸ್ ಬರಬೇಕು ಅಂತ ಕಾಕಿ ಮೂರು ಸಲ ಹೇಳಿದ್ದಾಳೆ.

ನಿನ್ನ ಕಾಕಾ